ಗಿರವಿ ಗಡಿಯಾರ

ಫ್ರೇಸರ್‌ಬರ್ಗ್ ಬಂದರಿನಲ್ಲಿ ಇವತ್ತೂ
ಹ್ಯಾಡಕ್ ಮೀನು ತೂಗುವವರು ಕೇಳುತ್ತಾರೆ:
ನೀನು ಡೂಗಲ್‌ನ ತಂಗಿಯಲ್ಲವೇ?
ನಗುತ್ತಾರೆ. ಆಮೇಲೆ ತಕ್ಕಡಿ ನೋಡುತ್ತಾರೆ.

ಅಮ್ಮನ ಗಡಿಯಾರ ಗಿರವಿಗಿಟ್ಟು
ಸೂಜಿಗೆ ಸುರಿದವನು ನೀನೇ;
ಮೂರು ವಾರ ಕಡಲಲ್ಲಿ ಬಲೆಯೆಳೆದು
ಅದನ್ನೇ ಬಿಡಿಸಿ, ಕೆಂಪು ರಿಬ್ಬನ್ ಕಟ್ಟಿ
ಅವಳ ಹುಟ್ಟುಹಬ್ಬಕ್ಕೆ ತಂದವನೂ.
"ಹೊಸದಮ್ಮ! ನಿನ್ನ ಹಳೆಯದರ ಹಾಗೇ ಇದೆ, ನೋಡು!"
ಬೈಯಲು ಬಾಯಿ ತೆರೆದ ಅಮ್ಮ
ನಕ್ಕೂ ನಕ್ಕೂ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು.

ಕೋಟು ಯಾರಿಗೋ ಕೊಟ್ಟು ನಡುಗುತ್ತ ಬರುತ್ತಿದ್ದೆ.
ಒಮ್ಮೆ ನನ್ನದನ್ನೂ.
ಆ ಚಳಿಗಾಲವಿಡೀ ನಾನು ಮಾತು ಬಿಟ್ಟೆ,
ಕೋಟಿಗಲ್ಲ,
"ಬಿಟ್ಟುಬಿಟ್ಟೆ ಕಣೇ" ಅಂದೆಯಲ್ಲ, ಅದಕ್ಕೆ.

ಶೌಚಾಲಯದ ಬಾಗಿಲು ಒಡೆದವರು
ನಿನ್ನ ಜೇಬನ್ನು ಕವರಿನಲ್ಲಿ ಹಾಕಿ ಕೊಟ್ಟರು:
ಮತ್ತೊಂದು ಗಿರವಿ ಚೀಟಿ,
ಅಳತೆಗೆ ಕತ್ತರಿಸಿದ
ಕೆಂಪು ರಿಬ್ಬನ್.