ಗೂಟ ಹದಿನೇಳು

ಗೊರೂರು ಹಿನ್ನೀರಿನ ದಂಡೆಗೆ ಮೂವತ್ತು ಗೂಟ.
ಚೀಟಿ ಎತ್ತಿದೆ: ಹದಿನೇಳು.
ನೆರಳಿಲ್ಲ, ಆಳವಿಲ್ಲ, ಎದುರುಗಾಳಿ.
ಪಕ್ಕದ ಹದಿನೆಂಟಕ್ಕೆ ಜವರಪ್ಪ, ನಿವೃತ್ತ ಕಂಡಕ್ಟರು,
ಹಿಂಡಿ, ಹುರಿದ ರಾಗಿಹಿಟ್ಟು, ಚೂರು ಬೆಲ್ಲ ಕಲಸಿ
ಉಂಡೆ ಉಂಡೆ ಎಸೆಯುತ್ತಾರೆ ನೀರಿಗೆ,
ಚಿಲ್ಲರೆ ವಾಪಸು ಕೊಟ್ಟಂತೆ, ಎಣಿಸಿ.

ಏಳಕ್ಕೆ ಸೀಟಿ.
ಅಲ್ಲಿಂದ ಮುಂದೆ ಲೋಕವೆಂದರೆ ಬೆಂಡು,
ಅದರ ಕೆಂಪು ತುದಿ, ಬೆಂಕಿಕಡ್ಡಿಯ ಮದ್ದಿನಷ್ಟು.
ಮುಳುಗಿತೆ?
ಇಲ್ಲ, ಅಲೆ.
ಮುಳುಗಿತೆ?
ಇಲ್ಲ. ನನ್ನ ರೆಪ್ಪೆ.

ಶನಿವಾರ ನನಗೆ ಒಂಬತ್ತು ಕುಚ್ಚುಮೀನು, ಬೆರಳುದ್ದ.
ಜವರಪ್ಪನವರ ಬಲೆಚೀಲದಲ್ಲಿ ಬಾಲ ಹರಿದ ಒಂದು ಗೆಂಡೆ,
ಸಿಟ್ಟಿನಿಂದ ಬಡಿದುಕೊಳ್ಳುತ್ತ.
ತೂಗಲು ಬಂದದ್ದು ಹಾಸನದ ಆಲೂಗೆಡ್ಡೆ ಮಂಡಿಯ ತಕ್ಕಡಿ,
ಅದರ ಹಿಂದೆಯೇ ಸಿದ್ದಯ್ಯ:
"ಗೆಡ್ಡೆ ಹಿಂಗೆ ಕುಣಿಯಾಕಿಲ್ಲ, ಮುಳ್ಳು ನಿಲ್ಲಲಿ ತಡೀರಿ."
ಒಂದೊಂದೇ ಬರೆದುಕೊಂಡ. ನೀರಿಗೆ ಬಿಟ್ಟೆವು.

ರಾತ್ರಿ ತಗಡಿನ ಶೆಡ್ಡಿನಲ್ಲಿ ಕಣ್ಣು ಮುಚ್ಚಿದರೂ
ತೇಲುತ್ತಿತ್ತು ಕೆಂಪು ತುದಿ.

ಭಾನುವಾರ ಹನ್ನೊಂದು ಐವತ್ತಕ್ಕೆ
ಮುಳುಗಿತು. ಅಲೆಯಲ್ಲ, ರೆಪ್ಪೆಯಲ್ಲ.
ಗಳ ಬಾಗಿತು, ಮೊಣಕೈ ನಡುಗಿತು,
ಮೇಲೆ ಬಂತು: ಅದೇ ಗೆಂಡೆ, ಅದೇ ಹರಿದ ಬಾಲ.
ಜವರಪ್ಪ ಬಗ್ಗಿ ನೋಡಿ
"ನಿನ್ನೆ ನಮ್ ಬಸ್ಸಲ್ಲಿ ಬಂದಿತ್ತು ಕಣವ್ವ,
ಇವತ್ತು ನಿಂದು ಹತ್ತೈತೆ" ಅಂದರು.

ಒಟ್ಟು ಲೆಕ್ಕದಲ್ಲಿ ನಾನು ಹದಿಮೂರನೆಯವಳು.
ಗೆಂಡೆ ಮಾತ್ರ ನಿನ್ನೆಗಿಂತ ಐವತ್ತು ಗ್ರಾಂ ಹೆಚ್ಚು.
ಸಿದ್ದಯ್ಯ ತಕ್ಕಡಿ ತಟ್ಟಿ ಇನ್ನೊಮ್ಮೆ ತೂಗಿದ.
ಜವರಪ್ಪ ಏನೂ ಅನ್ನದೆ
ಹಿಟ್ಟು ಮೆತ್ತಿದ ಬೋಗುಣಿ ತೊಳೆಯುತ್ತಿದ್ದರು,
ಬೆರಳಿಗಂಟಿದ ಬೆಲ್ಲ ನೆಕ್ಕಿಕೊಂಡು.