ನಡಾವಳಿ

ಟಾಲೋ ಕ್ರೀಕ್ ಪುರಸಭೆ, ಕೊಲರಾಡೊ. ಜನವರಿ, ಮಂಗಳವಾರ.
ಹಾಜರಿದ್ದವರು: ಐದು ಸದಸ್ಯರು, ಯೋಜನಾಧಿಕಾರಿ ರೆನ್‌ಕ್ವಿಸ್ಟ್,
ಮಡಚುವ ಕುರ್ಚಿಗಳಲ್ಲಿ ಅರವತ್ತೊಂದು ಜನ,
ಬಾಗಿಲ ಬಳಿ ನೀರಾಗುತ್ತಿರುವ ಬೂಟುಗಳ ಸಾಲು.
ಬರೆದುಕೊಳ್ಳುವವಳು ನಾನು.
ನನ್ನ ಹೆಸರು ಕೊನೆಯ ಪುಟದಲ್ಲಿ, ಸಣ್ಣಕ್ಷರದಲ್ಲಿ.

ವಿಷಯ: ಹಳೆಯ ಬಸ್ ಡಿಪೋ ಜಾಗದಲ್ಲಿ ನಲವತ್ತೆರಡು ಮನೆ,
ಇಲ್ಲೇ ದುಡಿಯುವವರಿಗೆ, ಕೈಗೆಟುಕುವ ಬಾಡಿಗೆಗೆ.

ರೆನ್‌ಕ್ವಿಸ್ಟ್ ಗೋಡೆಯ ಮೇಲೆ ನಕ್ಷೆ ಬೆಳಗಿಸಿದ.
ಹಳದಿ ಚೌಕವೆಂದರೆ ಜನ ಇರುವ ಮನೆ.
ನೀಲಿ ಚೌಕವೆಂದರೆ ವರ್ಷಕ್ಕೆ ಎರಡು ವಾರ,
ಹಿಮ ಚೆನ್ನಾಗಿ ಬಿದ್ದರೆ ಮೂರು, ಬೀಗ ತೆರೆಯುವ ಮನೆ.
ಹಳದಿ ಹುಡುಕಲು ಕೆಲವರು ಕನ್ನಡಕ ಹಾಕಿಕೊಂಡರು.

ಪ್ರತಿಯೊಬ್ಬರಿಗೂ ಮೂರು ನಿಮಿಷ.
ಮೈಕಿನ ಪಕ್ಕ ಪುಟ್ಟ ದೀಪ: ಹಸಿರು, ಹಳದಿ, ಕೆಂಪು.

ಒಡಿಲಿಯಾ ಬರೇಲಾ, ಹೆರಿಗೆ ವಾರ್ಡಿನ ರಾತ್ರಿ ಪಾಳಿ:
"ಕೈಗೆಟುಕುವುದು ಅಂದಿರಲ್ಲ, ಯಾರ ಕೈ?"
ತೋಳು ಚಾಚಿ ತೋರಿಸಿದಳು.
"ನನ್ನದು ಇಷ್ಟೇ ಉದ್ದ. ಕಳೆದ ತಿಂಗಳು ನಿಮ್ಮೂರಿನ
ಒಂಬತ್ತು ಕೂಸುಗಳನ್ನು ಮೊದಲು ಹಿಡಿದದ್ದು ಇದೇ.
ಸರಾಸರಿ ಆದಾಯದ ಶೇಕಡಾ ಎಂಬತ್ತು ಅಂತೀರಿ.
ಆ ನೀಲಿ ಮನೆಯವರನ್ನೂ ಸೇರಿಸಿ ಭಾಗಿಸಿದಿರಾ?"
ನಾನು ಬರೆದೆ:
ನಾಗರಿಕರೊಬ್ಬರು ಮಾನದಂಡದ ಬಗ್ಗೆ ಸ್ಪಷ್ಟನೆ ಕೋರಿದರು.

ವಿನಿಫ್ರೆಡ್ ಆಶ್‌ಕ್ರಾಫ್ಟ್, ಡಿಪೋ ಹಿಂದಿನ ಮನೆ, ಎಪ್ಪತ್ತೆಂಟು ವರ್ಷ.
"ನಾನು ಯಾರ ವಿರೋಧಿಯೂ ಅಲ್ಲ.
ನಾನೂ ಇಲ್ಲಿಗೆ ಬಂದದ್ದು ತಟ್ಟೆ ಎತ್ತಲು,
ಆರು ಜನ ಹುಡುಗಿಯರು ಒಂದೇ ಕೋಣೆಯಲ್ಲಿದ್ದೆವು.
ಆದರೆ ಮೂರು ಅಂತಸ್ತು ಎದ್ದರೆ
ನಾಲ್ಕು ಗಂಟೆಯ ಬಿಸಿಲು ನನ್ನ ಅಡುಗೆಮನೆಗೆ ಬೀಳುವುದಿಲ್ಲ.
ಆ ಬಿಸಿಲಲ್ಲೇ ಅವರು ಕೂರುತ್ತಿದ್ದರು, ಕೊನೆಯ..."
ಕೆಂಪು.
ಅವಳು ಕುಳಿತಳು. ವಾಕ್ಯ ಮಾತ್ರ ನಿಂತೇ ಇತ್ತು.
ನಾನು ಬರೆದೆ: ನೆರಳಿನ ಕುರಿತು ಆಕ್ಷೇಪಣೆ.

ಆಮೇಲೆ ಎಮೆಟ್ ಸಾಲ್ಸೀಡೋ, ಪುರಸಭೆಯ ಹಿಮ ಗುಡಿಸುವ ಲಾರಿಯ ಚಾಲಕ,
ಮಾಸಿದ ಕಿತ್ತಳೆ ಕೋಟಿನಲ್ಲೇ ಎದ್ದ.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ;
ಅವನ ಕಾರಿನ ಹಿಂದಿನ ಸೀಟು ನಾಲ್ಕೂವರೆ ಅಡಿ,
ಅವನು ಆರು ಅಡಿ ಒಂದು ಇಂಚು.
ಸೂಪರ್ ಮಾರ್ಕೆಟ್ಟಿನ ಹಿಂದೆ ನಿಲ್ಲಿಸುತ್ತಾನೆಂದು ಸಭೆಗೆಲ್ಲ ಗೊತ್ತು.
ಮಾತು ಶುರು ಮಾಡಿದವನು ಕಿಟಕಿಯತ್ತ ನೋಡಿದ.
"ಕ್ಷಮಿಸಿ, ಬೀಳೋಕೆ ಶುರುವಾಯ್ತು. ನಾನು ಹೋಗ್ಬೇಕು,
ಇಲ್ಲಾಂದ್ರೆ ನೀವ್ಯಾರೂ ಮನೆ ಸೇರೋದಿಲ್ಲ."
ನಲವತ್ತು ಸೆಕೆಂಡು.
ಉಳಿದ ಸಮಯವೆಲ್ಲ ಹಸಿರು ದೀಪ
ಬರಿದಾದ ಮೈಕಿಗೆ ಉರಿಯಿತು;
ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗೂ.

ನೆರಳಿನ ಅಧ್ಯಯನ ವರದಿ ಬರುವವರೆಗೆ ಮುಂದೂಡಲಾಯಿತು.
ಮೂರಕ್ಕೆ ಎರಡು.
ರೆನ್‌ಕ್ವಿಸ್ಟ್ ವೈರು ಸುತ್ತುತ್ತ ಮೆಲ್ಲಗೆ ಹೇಳಿದ,
ಇದು ನಾಲ್ಕನೆಯ ನಕ್ಷೆ, ಮೊದಲನೆಯದರಲ್ಲಿ ತೊಂಬತ್ತು ಮನೆಗಳಿದ್ದವು.
ಅದನ್ನು ನಾನು ಬರೆಯಲಿಲ್ಲ. ಸಭೆ ಮುಗಿದಿತ್ತು.

ಮುಗಿದದ್ದು ಒಂಬತ್ತು ಐವತ್ತೆರಡಕ್ಕೆ.
ಘಟ್ಟದ ದಾರಿ ಮುಚ್ಚಿದ್ದು ಒಂಬತ್ತು ನಲವತ್ತಕ್ಕೆ.
ನನ್ನ ಮನೆ ಅದರ ಆಚೆ, ಐವತ್ತೆಂಟು ಮೈಲಿ.
ಸಭಾಂಗಣದ ಕೀ ನನ್ನ ಹತ್ತಿರವೇ ಇರುತ್ತದೆ;
ಈ ಚಳಿಗಾಲದಲ್ಲಿ ಇದು ಮೂರನೇ ಸಲ.

ಕಿಟಕಿಯಾಚೆ ನೀಲಿ ಚೌಕಗಳ ಬೀದಿ.
ಆ ಅಂಗಳಗಳ ಕಲ್ಲಿನಡಿ ಬಿಸಿನೀರಿನ ಕೊಳವೆಗಳಿವೆ,
ಬಿದ್ದ ಹಿಮ ಬಿದ್ದ ಹಾಗೇ ಕರಗುತ್ತದೆ,
ಯಾರೂ ಬರದ ಬಾಗಿಲವರೆಗೂ ದಾರಿ ಒಣಗಿ ಸ್ವಚ್ಛ.
ಎಮೆಟ್‌ನ ಲಾರಿ ಹಳದಿ ದೀಪ ತಿರುಗಿಸುತ್ತ ಎರಡು ಸಲ ಹಾದುಹೋಯಿತು.

ಕೋಟು ಮಡಚಿ ತಲೆಗಿಟ್ಟುಕೊಳ್ಳುವ ಮೊದಲು
ಸಹಿ ಹಾಳೆ ಲಗತ್ತಿಸಬೇಕಿತ್ತು.
ಅದರಲ್ಲಿ ವಿಳಾಸದ ಕಾಲಂ ಕಡ್ಡಾಯ.
ಅರವತ್ತನೆಯ ಸಾಲಿನಲ್ಲಿ ಎಮೆಟ್
ತನ್ನ ಕಾರಿನ ನಂಬರ್ ಬರೆದಿದ್ದ,
ದುಂಡಗೆ, ಓದಲು ಬರುವ ಹಾಗೆ.
ತಿದ್ದದೆ ಹಾಗೇ ಬಿಟ್ಟೆ.