ಕರೆಂಟು ಬರುವವರೆಗೆ

ಕೂತ್ಕೋ ನೇತ್ರಾ, ಕತ್ತರಿ ಕೆಳಗಿಡು.
ಇಡೀ ಗಾಂಧಿ ಬಜಾರಿಗೇ ಕರೆಂಟಿಲ್ಲ,
ಮೆಸ್ಕಾಂನವನಿಗೆ ಫೋನು ಮಾಡಿದರೆ ‘ನೋಡ್ತಿದೀವಿ’ ಅಂತಾನೆ.
ನಾಳೆ ಕೊಡಬೇಕಾದ ಹನ್ನೊಂದು ರವಿಕೆ
ತೋಳಿಲ್ಲದೆ ಮಲಗಿವೆ. ಮಲಗಲಿ.
ಚಾರ್ಜರ್ ಲೈಟು ಕಟಿಂಗ್ ಟೇಬಲ್ಲಿನ ನಡುವೆ ಇಡು,
ಇವತ್ತು ನಿನಗೂ ಎಲೆ ಹಾಕುತ್ತೇವೆ,
ಊಟದ್ದಲ್ಲ, ಇಸ್ಪೀಟಿನದು.

ಆಟದ ಹೆಸರು ಪೋಕರ್.
ಗ್ರೆಗರಿ ಮಾಸ್ತರರು ಮರ್ಮಗೋವೆಯಲ್ಲಿ
ಹಡಗಿನವರ ಸಮವಸ್ತ್ರ ಹೊಲಿಯುತ್ತಿದ್ದಾಗ ಕಲಿತದ್ದು.
ರಮ್ಮಿಯ ಹಾಗೆ ತಲೆ ತಗ್ಗಿಸಿ ಸೇರಿಸುತ್ತ ಕೂರುವುದಲ್ಲ,
ಇಲ್ಲಿ ಎದುರಿನವರ ಮುಖವೂ ಒಂದು ಎಲೆ.

ಪರ್ಸು ಒಳಗಿಡು, ದುಡ್ಡಿಲ್ಲ ಇಲ್ಲಿ.
ಅಂಗಿಯ ಗುಂಡಿ ಒಂದು, ಪ್ಯಾಂಟಿನದು ಐದು,
ಶೇರ್ವಾನಿಯ ಹಿತ್ತಾಳೆ ಗುಂಡಿ ಇಪ್ಪತ್ತು.
ಆ ಓವರ್‌ಕೋಟಿನ ಕರಿ ಗುಂಡಿಗೆ ಬೆಲೆಯಿಲ್ಲ,
ಅದು ಯಾರ ಮುಂದಿದೆಯೋ ಅವರು ಹಂಚಬೇಕು,
ಆಮೇಲೆ ಎಡಕ್ಕೆ ದಾಟಿಸಬೇಕು.
ಅದರ ಎಡಕ್ಕೆ ಕೂತ ಇಬ್ಬರು
ಎಲೆ ನೋಡುವ ಮೊದಲೇ ಒಂದು, ಎರಡು ಹಾಕಬೇಕು,
ಆಕಾಶ ನೋಡದೆ ಬಟ್ಟೆ ಒಣಹಾಕಿದ ಹಾಗೆ.
‘ಗುಂಡಿ ಇದ್ದರೆ ಸಾಲದು, ಗುಂಡಿಗೆ ಬೇಕು’ ಅಂತ
ತಿಪ್ಪೇಶ ಈಗ ಹೇಳುತ್ತಾನೆ. ದಿನಾ ಹೇಳುತ್ತಾನೆ.

ನಿನಗೆ ಎರಡು ಎಲೆ, ಮುಚ್ಚಿ. ನೀನೊಬ್ಬಳೇ ನೋಡು.
ಹಾಗಲ್ಲ ಮಾರಾಯ್ತಿ,
ಟ್ರಯಲ್ ಕನ್ನಡಿ ನಿನ್ನ ಬೆನ್ನ ಹಿಂದಿದೆ!
ನಡುವೆ ಮೂರು ಬಿಚ್ಚಿಡುತ್ತಾರೆ, ತಡೆದು ಒಂದು,
ಮತ್ತೂ ತಡೆದು ಇನ್ನೊಂದು. ಆ ಐದು ಊರವರೆಲ್ಲರದು.
ಏಳರಲ್ಲಿ ಒಳ್ಳೆಯ ಐದನ್ನು ಆರಿಸು,
ತುಂಡು ಹೊಂದಿಸುವುದು ನಿನಗೇನು ಹೊಸದೇ?

ಜೋಡಿ ಸಣ್ಣದು. ಎರಡು ಜೋಡಿ ಅದಕ್ಕಿಂತ ಮೇಲು,
ಒಂದೇ ಮುಖದ ಮೂರು ಇನ್ನೂ ಮೇಲು.
ಐದಾರು ಏಳೆಂಟೊಂಬತ್ತು ಅಂತ ಸಾಲು ಬಿದ್ದರೆ ಎದೆ ಡವಗುಟ್ಟುತ್ತೆ;
ಐದೂ ಆಟೀನೇ ಆದರೆ ಸಾಲನ್ನೂ ಮೀರಿತು.
ಮೂರರ ಜೊತೆ ಜೋಡಿ, ಅದು ತುಂಬಿದ ಮನೆ.
ನಾಲ್ಕು ರಾಣಿಯರು ಒಟ್ಟಿಗೆ?
ಹದಿನಾರು ವರ್ಷದಲ್ಲಿ ಒಮ್ಮೆ ಕಂಡಿದ್ದೇನೆ.
ಅದರಾಚೆ ಒಂದೇ ಜಾತಿಯ ಸಾಲು ಅಂತ ಇದೆಯಂತೆ. ಕೇಳಿದ್ದೇನೆ ಅಷ್ಟೆ.

ಸರದಿ ಬಂದಾಗ ಅವರು ಹಾಕಿದಷ್ಟು ಹಾಕು,
ಇಲ್ಲ ಏರಿಸು, ಇಲ್ಲ ಮಡಚು.
ಯಾರೂ ಏನೂ ಹಾಕಿಲ್ಲವೇ? ಟೇಬಲ್ಲಿಗೆ ಬಡಿದು ಸುಮ್ಮನಿರು.
ಮಡಚುವುದೇ ಕಷ್ಟ ಕಣೇ.
ಹೋಯಿತಲ್ಲ ಅಂತ ಹೋದದ್ದರ ಹಿಂದೆ ಮತ್ತೆ ಹಾಕುವುದು
ತಪ್ಪು ಕತ್ತರಿಸಿದ ಬಟ್ಟೆಗೆ ಜರಿ ಹಚ್ಚಿದ ಹಾಗೆ.
ಆ ಮೂಲೆಯ ಕೆಂಪು ನೆಲ ನೋಡು, ನಾಲ್ಕು ಗುಳಿ.
ಅಲ್ಲೊಂದು ಮಷೀನು ಇತ್ತು.
ಮಾಸ್ತರರು ಅದರ ಕಥೆ ಹೇಳುವುದಿಲ್ಲ,
ಆ ಜಾಗ ಮಾತ್ರ ತಾವೇ ಗುಡಿಸುತ್ತಾರೆ.
ಅದಕ್ಕೇ ಗುಂಡಿ.

ಏನೂ ಇಲ್ಲದೆ ಗೆಲ್ಲುವುದೂ ಆಟವೇ.
ಹೋಳಿಯ ಹಿಂದಿನ ರಾತ್ರಿ ನನ್ನ ಕೈಯಲ್ಲಿ
ಕಳಾವರಿನ ಎರಡು, ಡೈಮಂಡಿನ ಏಳು,
ನಡುವೆ ಬಿಚ್ಚಿದ ನಾಲ್ಕಕ್ಕೂ ಅವಕ್ಕೂ ನೆಂಟಸ್ತಿಕೆಯೇ ಇಲ್ಲ.
ಅಷ್ಟೂ ಗುಂಡಿ ಮುಂದೆ ತಳ್ಳಿದೆ,
ಸೂಜಿಗೆ ನೂಲು ಪೋಣಿಸುವಾಗ ಇರುತ್ತಲ್ಲ, ಆ ಮುಖದಲ್ಲಿ.
ಜರೀನಾ ಮಡಚಿದಳು. ತಿಪ್ಪೇಶ ಮಡಚಿದ.
ಮಾಸ್ತರರು ಟೇಪಿಲ್ಲದೆ ನನ್ನ ಅಳತೆ ತೆಗೆದರು,
ಆಮೇಲೆ ತಮ್ಮ ರಾಶಿಯನ್ನೂ ತಳ್ಳಿದರು.
ಐದನೆಯ ಎಲೆಗೆ ಈ ಆಟದಲ್ಲಿ ಹೊಳೆ ಅಂತ ಹೆಸರು.
ಅವರ ಬೆರಳು ಹೊಳೆಗೆ ಮುಟ್ಟಿತು,
ಕರೆಂಟು ಬಂತು.

ಕರೆಂಟು ಬಂದರೆ ಆಟ ಅಲ್ಲಿಗೇ ನಿಂತಿತು, ಅಂಗಡಿಯ ಕಾನೂನು.
ಎಲೆಗಳನ್ನು ನೋಡದೆ ಬಾಚಿ, ಕಲೆಸಿ, ಡ್ರಾಯರಿಗೆ ಹಾಕಿದರು.
ಒಂದು ಗಂಟೆಯ ತನಕ ಹುಕ್ಕು ಹೊಲಿದೆ, ಬೆರಳು ನಡುಗುತ್ತಿತ್ತು.
ತುಂಗೆಯ ಸೇತುವೆ ಮೇಲೆ ಸಿಟಿ ಬಸ್ಸು ನಿಧಾನಿಸಿದಾಗೆಲ್ಲ
ಈಗಲೂ ಆ ಎಲೆ ಬೋರಲಾಗಿಯೇ ಕಾಣುತ್ತೆ.

ಸರಿ, ಹಂಚಿಯಾಯ್ತು. ಮೂಲೆ ಮಾತ್ರ ಎತ್ತಿ ನೋಡು.
ಅಯ್ಯೋ, ನಗಬೇಡವೇ!